ಹೊಳೆ ಮೀನುಗಾರಿಕೆಗೆ ಲೋಹದ ಲೂರ್: ಸ್ಪೂನ್, ಸ್ಪಿನ್ನರ್‌ಗಳನ್ನು ಆರಿಸುವುದು ಹೇಗೆ?

ಸ್ವರ್ಣಾತೀರ, ಉಡುಪಿ

ಎಲ್ಲರಿಗೂ ನಮಸ್ಕಾರ. ಕೆಮ್ಮಣ್ಣಿನ ಪರಿಸರದಲ್ಲಿ ಸ್ವರ್ಣಾ ನದಿಯ ದಡದಿಂದ, ಕೆಲವೊಮ್ಮೆ ಕುದ್ರುಗಳ (ನದಿಯ ನಡುಗಡ್ಡೆಗಳ) ನಡುವೆ ದೋಣಿಯಿಂದ, ಸಿಗಡಿಯನ್ನೋ ಎರೆಹುಳುವನ್ನೋ ಸಿಕ್ಕಿಸಿ ಗಾಳ ಹಾಕುವುದು ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ನಡೆದುಬಂದಿದೆ. ಈಗ ಏಳು ಅಡಿಯ ಒಂದು ಸ್ಪಿನ್ನಿಂಗ್ ರಾಡ್ ಮತ್ತು ಅದಕ್ಕೆ ಹೊಂದುವ ರೀಲ್ ತೆಗೆದುಕೊಂಡಿದ್ದೇನೆ. ಜೀವಂತ ಎರೆಯನ್ನು ಬಳಸದೆ, ಕೃತಕ ಎರೆಗಳಾದ ಲೋಹದ ಲೂರ್‌ಗಳಿಂದಲೇ ಮೀನು ಹಿಡಿಯುವುದನ್ನು ಕ್ರಮವಾಗಿ ಕಲಿಯಬೇಕೆಂಬ ಆಸೆಯಿದೆ.

ಅಂಗಡಿಯಲ್ಲಿ ನೋಡಿದರೆ ಸ್ಪೂನ್, ಸ್ಪಿನ್ನರ್, ಉದ್ದನೆಯ ಗಟ್ಟಿ ಲೋಹದ ತುಂಡಾದ ಮೆಟಲ್ ಜಿಗ್ ಹೀಗೆ ಹಲವು ಬಗೆಗಳಿವೆ. ಒಂದೇ ಆಕಾರದ ಸ್ಪೂನ್ ಐದು ಗ್ರಾಂನಿಂದ ಮೂವತ್ತು ಗ್ರಾಂವರೆಗೆ, ಬೆಳ್ಳಿ, ಚಿನ್ನ ಮತ್ತು ತಾಮ್ರದ ಬಣ್ಣಗಳಲ್ಲಿ ಸಿಗುತ್ತದೆ. ಅಂಗಡಿಯವರು ಯಾವುದು ಹೆಚ್ಚು ಮಾರಾಟವಾಗುತ್ತದೆ ಎಂಬುದನ್ನು ಹೇಳುತ್ತಾರೆಯೇ ಹೊರತು, ಯಾವುದು ಯಾವ ನೀರಿಗೆ ತಕ್ಕುದು ಎಂಬುದನ್ನು ವಿವರಿಸುವುದಿಲ್ಲ. ನಮ್ಮಲ್ಲಿ ನೀರು ದಿನಕ್ಕೆ ಎರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಹಿರಿಯಡಕದ ಕಡೆಗೆ ಹೋದರೆ ಅದೇ ನದಿ ಬಂಡೆಗಳ ನಡುವೆ ಹರಿಯುವ ಸಿಹಿನೀರಿನ ಹೊಳೆ. ಈ ಎರಡಕ್ಕೂ ಒಂದೇ ಲೂರ್ ಸಾಕೇ? ಯಾವ ತೂಕದಿಂದ ಆರಂಭಿಸಬೇಕು? ಬಣ್ಣಕ್ಕೆ ಎಷ್ಟು ಮಹತ್ವ ಕೊಡಬೇಕು? ಸ್ಪಿನ್ನರ್ ಕಟ್ಟಿದಾಗ ದಾರ ಹುರಿಗೊಂಡು ಗಂಟಾಗುವುದನ್ನು ತಡೆಯುವುದು ಹೇಗೆ? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ನೇತ್ರಾವತಿ ಗಾಳ, ಮಂಗಳೂರು

ನಿಮ್ಮ ಪ್ರಶ್ನೆಗಳಲ್ಲಿ ತೂಕದ ಪ್ರಶ್ನೆ ಮೊದಲು ಬರಬೇಕಾದುದು, ಬಣ್ಣದ ಪ್ರಶ್ನೆ ಕೊನೆಗೆ. ಹೆಚ್ಚಿನವರು ಮೀನಿನ ಹೆಸರು ಹೇಳಿ ಲೂರ್ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದುದು ನೀರನ್ನು: ಅದು ಎಷ್ಟು ಆಳವಾಗಿದೆ, ಎಷ್ಟು ವೇಗವಾಗಿ ಹರಿಯುತ್ತಿದೆ, ಎಷ್ಟು ತಿಳಿಯಾಗಿದೆ. ಮೀನು ಇರುವ ಮಟ್ಟಕ್ಕೆ ಲೂರ್ ಇಳಿದು, ಅಲ್ಲಿ ಸರಿಯಾಗಿ ಆಡದಿದ್ದರೆ ಅದರ ಹೊಳಪಿನಿಂದ ಏನೂ ಆಗದು.

ಸ್ಪೂನ್ ಎಂದರೆ ಬಾಗಿದ ಲೋಹದ ತಗಡು. ಎಳೆದಾಗ ಅದರ ಬಾಗಿದ ಮೈಗೆ ನೀರು ಒತ್ತಿ ಒಮ್ಮೆ ಈ ಬದಿಗೆ, ಒಮ್ಮೆ ಆ ಬದಿಗೆ ಜಾರುವುದರಿಂದ ಅದು ಗಾಯಗೊಂಡ ಸಣ್ಣ ಮೀನಿನ ಹಾಗೆ ಓಲಾಡುತ್ತದೆ. ಪ್ರತಿಯೊಂದು ಸ್ಪೂನಿಗೂ ತಾನು ಚೆನ್ನಾಗಿ ಆಡುವ ವೇಗವೊಂದಿದೆ. ಅದಕ್ಕಿಂತ ನಿಧಾನವಾದರೆ ಅದು ಸುಮ್ಮನೆ ಜೋತುಬೀಳುತ್ತದೆ, ಅದಕ್ಕಿಂತ ವೇಗವಾದರೆ ಓಲಾಟವನ್ನು ಬಿಟ್ಟು ಗಿರ್ರನೆ ಸುತ್ತತೊಡಗುತ್ತದೆ. ಹೊಸ ಸ್ಪೂನ್ ಕಟ್ಟಿದ ಕೂಡಲೇ ದೂರಕ್ಕೆ ಎಸೆಯಬೇಡಿ; ಕಾಲಬುಡದ ತಿಳಿನೀರಿನಲ್ಲಿ ಬೇರೆ ಬೇರೆ ವೇಗಗಳಲ್ಲಿ ಎಳೆದು, ಯಾವ ವೇಗದಲ್ಲಿ ರಾಡಿನ ತುದಿ ಸಮನಾಗಿ ಮಿಡಿಯುತ್ತದೆ ಎಂಬುದನ್ನು ಕೈಗೆ ಅಭ್ಯಾಸ ಮಾಡಿಕೊಳ್ಳಿ. ನೀರು ಕಲಕಿದ ದಿನ ಲೂರ್ ಕಣ್ಣಿಗೆ ಕಾಣದಿದ್ದರೂ ಆ ಮಿಡಿತವೇ ನಿಮಗೆ ದಾರಿ ತೋರಿಸುತ್ತದೆ.

ಒಂದೇ ತೂಕದ ಎರಡು ಸ್ಪೂನ್‌ಗಳಲ್ಲಿ ಅಗಲವಾದ ತೆಳು ತಗಡಿನದು ಮೆಲ್ಲನೆ ಮುಳುಗಿ ಅಗಲವಾಗಿ ಓಲಾಡುತ್ತದೆ. ಕಿರಿದಾದ ದಪ್ಪ ತಗಡಿನದು ದೂರಕ್ಕೆ ಹಾರಿ ಬೇಗನೆ ತಳ ಸೇರುತ್ತದೆ. ಲೋಹದ ಸಾಂದ್ರತೆಯನ್ನೂ ಗಮನಿಸಿ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.9 ಗ್ರಾಂ ತೂಗಿದರೆ, ಹಿತ್ತಾಳೆ ಸುಮಾರು 8.5 ಗ್ರಾಂ, ಸೀಸ 11.3 ಗ್ರಾಂ ತೂಗುತ್ತದೆ. ಆದ್ದರಿಂದ ಸೀಸದ ಜಿಗ್ ಅದೇ ತೂಕದ ಹಿತ್ತಾಳೆ ಸ್ಪೂನಿಗಿಂತ ಚಿಕ್ಕದಾಗಿದ್ದು, ಬಿರುಸಾದ ಸೆಳವನ್ನೂ ಭೇದಿಸಿ ಕೆಳಗಿಳಿಯುತ್ತದೆ. ಆದರೆ ಮೊಣಕಾಲುದ್ದದ ನೀರಿನಲ್ಲಿ ಅದನ್ನು ಎಸೆದರೆ ಕಲ್ಲಿಗೆ ಸಿಕ್ಕಿ ಅಲ್ಲಿಯೇ ಉಳಿಯುತ್ತದೆ.

ನಿಮ್ಮ ರಾಡಿನ ಹಿಡಿಕೆಯ ಮೇಲ್ಭಾಗದಲ್ಲಿ ಅದು ಎಷ್ಟು ಗ್ರಾಂನ ಲೂರ್ ಎಸೆಯಬಲ್ಲದು ಎಂದು ಬರೆದಿರುತ್ತದೆ. ಆ ಮಿತಿಯ ನಡುಭಾಗವನ್ನು ಆರಿಸಿಕೊಳ್ಳಿ. ಕೆಮ್ಮಣ್ಣಿನ ಅಗಲವಾದ, ಹೆಚ್ಚು ಆಳವಿಲ್ಲದ ನೀರಿಗೆ 10ರಿಂದ 14 ಗ್ರಾಂನ ಸ್ಪೂನ್ ಸಾಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಇಳಿತ ಜೋರಾಗಿರುವಾಗ, ಸೀತಾ ಮತ್ತು ಸ್ವರ್ಣಾ ಎರಡೂ ಕೂಡಿ ಕಡಲಿಗೆ ಹೋಗುವ ಕೋಡಿಬೇಂಗ್ರೆಯ ಕಡೆ 20 ಗ್ರಾಂಗಿಂತ ಹಗುರವಾದುದು ತಳವನ್ನು ಮುಟ್ಟುವ ಮೊದಲೇ ತೇಲಿಹೋಗುತ್ತದೆ. ಇಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಸೇರುವ ಅಳಿವೆಯಲ್ಲೂ ನಮಗೆ ಇದೇ ಲೆಕ್ಕ.

ಆಳವನ್ನು ತಿಳಿಯಲು ಮನಸ್ಸಿನಲ್ಲಿ ಎಣಿಸಬೇಕು. ಲೂರ್ ನೀರಿಗೆ ಬಿದ್ದ ಕ್ಷಣದಿಂದ ದಾರ ಸಡಿಲವಾಗುವವರೆಗೆ ಎಣಿಸಿದರೆ ಅದು ತಳ ಮುಟ್ಟಿದ ಸಮಯ ಗೊತ್ತಾಗುತ್ತದೆ. ಮುಂದಿನ ಎಸೆತದಲ್ಲಿ ಅದಕ್ಕಿಂತ ಒಂದೆರಡು ಎಣಿಕೆ ಮೊದಲೇ ರೀಲ್ ತಿರುಗಿಸಲು ಆರಂಭಿಸಿದರೆ ಲೂರ್ ತಳಕ್ಕಿಂತ ಸ್ವಲ್ಪವೇ ಮೇಲೆ ಸಾಗಿಬರುತ್ತದೆ. ಲೂರ್ ಮುಳುಗುತ್ತಿರುವಾಗಲೂ ದಾರವನ್ನು ಪೂರ್ತಿ ಸಡಿಲ ಬಿಡಬಾರದು, ಏಕೆಂದರೆ ಬೀಳುತ್ತಿರುವ ಸ್ಪೂನನ್ನೇ ಕಚ್ಚುವ ಮೀನುಗಳು ಬಹಳ. ದಾರ ಸಡಿಲವಾಗಿದ್ದರೆ ಕಚ್ಚಿ ಉಗುಳಿದ್ದೂ ತಿಳಿಯುವುದಿಲ್ಲ.

ಸೆಳವಿನಲ್ಲಿ ನೇರವಾಗಿ ಎದುರು ದಡಕ್ಕೆ, ಇಲ್ಲವೇ ಸ್ವಲ್ಪ ಮೇಲ್ಮುಖವಾಗಿ ಎಸೆಯಿರಿ. ಲೂರ್ ಮುಳುಗುತ್ತ ಕೆಳಮುಖವಾಗಿ ಸಾಗಿ, ದಾರ ಬಿಗಿಯಾದೊಡನೆ ಅರ್ಧಚಂದ್ರದ ಹಾದಿಯಲ್ಲಿ ನಿಮ್ಮ ದಡದತ್ತ ತಿರುಗುತ್ತದೆ. ಈ ತಿರುವಿನಲ್ಲಿ ರೀಲನ್ನು ಬಹಳ ಸುತ್ತಬೇಕಾಗಿಲ್ಲ. ನೀರೇ ಸ್ಪೂನನ್ನು ಆಡಿಸುತ್ತದೆ. ತಿರುವು ಮುಗಿದು ಲೂರ್ ನಿಮ್ಮ ಕೆಳಭಾಗದಲ್ಲಿ ನಿಂತ ಮೇಲೂ ಕೆಲವು ಕ್ಷಣ ಹಾಗೆಯೇ ಹಿಡಿಯಿರಿ. ಹಿಂದೆಯೇ ಬಂದ ಮೀನು ಅಲ್ಲಿ ಕಚ್ಚುವುದುಂಟು. ತೀರ ಮೇಲ್ಮುಖವಾಗಿ ಎಸೆದರೆ ನೀರಿಗಿಂತ ವೇಗವಾಗಿ ಸುತ್ತಲೇಬೇಕು, ಇಲ್ಲವಾದರೆ ಸ್ಪೂನ್ ಸತ್ತ ತಗಡಾಗಿಬಿಡುತ್ತದೆ.

ಇನ್ನು ಮೀನಿನ ವಿಷಯ. ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ, ಸೇತುವೆ ಕಂಬಗಳ ಮರೆಯಲ್ಲಿ ಹೊಂಚು ಹಾಕುವ ಕೆಂಬೇರಿ ಮತ್ತು ಸೀಬಾಸ್ ದೂರ ಓಡಿ ಬೇಟೆಯಾಡುವ ಮೀನುಗಳಲ್ಲ. ಅವುಗಳ ಮರೆಗೆ ಆದಷ್ಟು ಹತ್ತಿರ ಎಸೆದು, ನಿಧಾನವಾಗಿ, ನಡುನಡುವೆ ನಿಲ್ಲಿಸಿ ಎಳೆಯಬೇಕು. ಇಳಿತದಲ್ಲಿ ಸಣ್ಣ ತೋಡುಗಳಿಂದ ಸಿಗಡಿ ಮತ್ತು ಮರಿಮೀನುಗಳು ನದಿಗೆ ಇಳಿಯುವ ಬಾಯಿಯೇ ಅವುಗಳ ಊಟದ ಜಾಗ. ಟ್ರೆವಲ್ಲಿ ಜಾತಿಯವು ಗುಂಪಾಗಿ ಅಟ್ಟಿಸಿಕೊಂಡು ಬರುವುದರಿಂದ ಅವಕ್ಕೆ ಕಿರಿದಾದ ಭಾರದ ಸ್ಪೂನನ್ನು ಬಿರುಸಾಗಿ ಎಳೆಯುವುದು ಸರಿ. ಉಬ್ಬರ ಇಳಿತಗಳ ನಡುವೆ ನೀರು ನಿಂತಿರುವ ಹೊತ್ತಿನಲ್ಲಿ ಮಾತ್ರ ಲೋಹದ ಲೂರ್ ಹಿಡಿದು ನಿಲ್ಲುವುದಕ್ಕಿಂತ ದಾರ, ಗಂಟುಗಳನ್ನು ಸರಿಪಡಿಸಿಕೊಳ್ಳುವುದು ಮೇಲು. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ ಎಂಬುದು ದೋಣಿಯಲ್ಲಿ ಹೋಗುವ ನಿಮಗೆ ಗೊತ್ತಿರುವುದೇ.

ಶಾಂಭವಿ ದಡ, ಮೂಲ್ಕಿ

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಬಣ್ಣವನ್ನು ಕೊನೆಗೆ ತಳ್ಳಿದ್ದು ಪೂರ್ತಿ ಸರಿಯಲ್ಲ ಎಂದು ನನ್ನ ಭಾವನೆ. ಲೋಹದ ಹೊಳಪು ಎಂದರೆ ಬಿದ್ದ ಬೆಳಕನ್ನು ಹಿಂದಿರುಗಿಸುವುದು ಮಾತ್ರ. ಬೆಳಕೇ ಇಲ್ಲದಲ್ಲಿ ಅದು ಹೊಳೆಯದು. ನವೆಂಬರಿನಿಂದ ಫೆಬ್ರವರಿಯವರೆಗೆ ನಮ್ಮ ನದಿಗಳು ತಿಳಿಯಾಗಿರುವಾಗ, ಬಿಸಿಲು ಪ್ರಖರವಾಗಿದ್ದರೆ, ಕನ್ನಡಿಯಂತಹ ಬೆಳ್ಳಿ ಬಣ್ಣ ಮೀನನ್ನು ಬೆದರಿಸುವುದನ್ನು ನಾನು ಆಳವಿಲ್ಲದ ನೀರಿನಲ್ಲಿ ಕಂಡಿದ್ದೇನೆ. ಅಂತಹ ದಿನ ಮಂಕಾದ ತಾಮ್ರ, ಅಥವಾ ಸುತ್ತಿಗೆಯಿಂದ ತಟ್ಟಿ ಕುಳಿ ಮಾಡಿದ ಮೈಯಿರುವ ಸ್ಪೂನ್ ಒಳ್ಳೆಯದು. ಮಳೆ ಬಂದು ಜಂಬಿಟ್ಟಿಗೆಯ ಕೆಂಪು ಮಣ್ಣು ಕರಗಿ ಹರಿಯುವಾಗ ಯಾವ ಬಣ್ಣವೂ ದೂರಕ್ಕೆ ಕಾಣುವುದಿಲ್ಲ. ಆಗ ಮೀನು ತನ್ನ ಮೈಯ ಎರಡು ಬದಿಗಳಲ್ಲಿರುವ ಪಾರ್ಶ್ವರೇಖೆಯಿಂದ ನೀರಿನ ಕಂಪನವನ್ನು ಅರಿತು ಬರುತ್ತದೆ. ಅಲ್ಲಿ ಸ್ಪೂನಿಗಿಂತ ಸ್ಪಿನ್ನರ್ ಮುಂದು.

ಸ್ಪಿನ್ನರಿನಲ್ಲಿ ಒಂದು ತಂತಿಯ ಸುತ್ತ ತಗಡಿನ ಎಲೆ ತಿರುಗುತ್ತದೆ. ದುಂಡಗಿನ ಕೊಲರಾಡೊ ಎಲೆ ತಂತಿಯಿಂದ ಅಗಲವಾಗಿ ತೆರೆದು ತಿರುಗುವುದರಿಂದ ಹೆಚ್ಚು ಕಂಪನವನ್ನು ಉಂಟುಮಾಡುತ್ತದೆ, ನಿಧಾನವಾದ ಎಳೆತದಲ್ಲೂ ನಿಲ್ಲುವುದಿಲ್ಲ; ಆದರೆ ಸೆಳವು ಜೋರಾದರೆ ಮೇಲಕ್ಕೆದ್ದು ಬರುತ್ತದೆ. ನೀಳವಾದ ವಿಲೋ ಎಲೆ ತಂತಿಗೆ ಒತ್ತಿಕೊಂಡು ತಿರುಗುತ್ತದೆ; ಅದರ ಕಂಪನ ಕಡಿಮೆ, ಹೊಳಪು ಹೆಚ್ಚು, ಬಿರುಸಾದ ನೀರಿನಲ್ಲಿಯೂ ಆಳವನ್ನು ಬಿಟ್ಟುಕೊಡುವುದಿಲ್ಲ. ಇವೆರಡರ ನಡುವಿನದು ಇಂಡಿಯಾನಾ ಎಲೆ. ಫ್ರಾನ್ಸಿನಲ್ಲಿ 1938ರಲ್ಲಿ ಹುಟ್ಟಿದ ಮೆಪ್ಸ್ ಸ್ಪಿನ್ನರ್‌ಗಳಲ್ಲಿ ಎಲೆಯ ಗಾತ್ರಕ್ಕೆ ಸೊನ್ನೆಯಿಂದ ಮೇಲಕ್ಕೆ ಸಂಖ್ಯೆಗಳಿರುತ್ತವೆ, ಬೇರೆ ಕಂಪನಿಗಳೂ ಹೆಚ್ಚುಕಡಿಮೆ ಅದೇ ಕ್ರಮವನ್ನು ಅನುಸರಿಸುತ್ತವೆ. ನಿಮ್ಮ ರಾಡಿಗೆ 3 ಅಥವಾ 4ನೆಯ ಸಂಖ್ಯೆ ಹೊಂದುತ್ತದೆ.

ದಾರ ಹುರಿಗೊಳ್ಳುವುದಕ್ಕೆ ಕಾರಣ, ಎಲೆಯ ಜೊತೆ ಇಡೀ ಸ್ಪಿನ್ನರ್ ತಿರುಗುವುದು. ಲೂರಿನಿಂದ ಒಂದೂವರೆ ಎರಡು ಅಡಿ ಮೇಲೆ ಒಂದು ಬಾಲ್ ಬೇರಿಂಗ್ ಸ್ವಿವೆಲ್ (ಎರಡು ತುದಿಗಳೂ ಬೇರೆಬೇರೆಯಾಗಿ ತಿರುಗುವ ಕೊಂಡಿ) ಕಟ್ಟಿದರೆ ಇದು ಬಹಳ ಮಟ್ಟಿಗೆ ನಿಲ್ಲುತ್ತದೆ. ಅಗ್ಗದ ಪೀಪಾಯಿ ಆಕಾರದ ಸ್ವಿವೆಲ್‌ಗಳು ಭಾರ ಬಿದ್ದಾಗ ತಿರುಗುವುದೇ ಇಲ್ಲ. ಸ್ಪೂನಿಗೆ ಮಾತ್ರ ಗಂಟನ್ನು ನೇರವಾಗಿ ಅದರ ತೂತಿಗೆ ಹಾಕಬಾರದು. ಸ್ಪ್ಲಿಟ್ ರಿಂಗ್ (ಕೀಲಿಕೈ ಗೊಂಚಲಿನಂತಹ ಸಣ್ಣ ಬಳೆ) ಅಥವಾ ದುಂಡಗಿನ ಬಾಯಿಯ ಸ್ನ್ಯಾಪ್ (ತೆರೆದು ಮುಚ್ಚುವ ಕೊಂಡಿ) ಇದ್ದರೆ ಅದು ಸ್ವತಂತ್ರವಾಗಿ ಓಲಾಡುತ್ತದೆ, ತಗಡಿನ ಅಂಚು ದಾರವನ್ನೂ ಕೊಯ್ಯುವುದಿಲ್ಲ. ಎಸೆದ ಬಳಿಕ ರೀಲಿನ ಕಮಾನನ್ನು (ದಾರವನ್ನು ಸುರುಳಿಗೆ ಸುತ್ತುವ ತಂತಿಯನ್ನು) ಕೈಯಿಂದಲೇ ಮುಚ್ಚಿ, ಒಮ್ಮೆ ದಾರವನ್ನು ಬಿಗಿದು ಸುತ್ತಲು ಆರಂಭಿಸುವುದು ಕೂಡ ದಾರಕ್ಕೆ ಒಳ್ಳೆಯದು.

ಉಪ್ಪುನೀರಿನ ಬಗ್ಗೆ ಯಾರೂ ಸಾಕಷ್ಟು ಎಚ್ಚರ ವಹಿಸುವುದಿಲ್ಲ. ಹಿತ್ತಾಳೆಯ ಮೈಗೆ ಉಕ್ಕಿನ ಗಾಳ ತಾಗಿಕೊಂಡಿದ್ದು ನಡುವೆ ಉಪ್ಪುನೀರಿದ್ದರೆ ಉಕ್ಕು ಬೇಗನೆ ಸವೆಯುತ್ತದೆ, ಒಂದೇ ರಾತ್ರಿಯಲ್ಲಿ ಗಾಳದ ಮೊನೆ ಕೆಂಪಾಗುವುದು ಇದರಿಂದಲೇ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಒಣಗಿದ ಮೇಲೆಯೇ ಪೆಟ್ಟಿಗೆಗೆ ಹಾಕಿ. ಒಂದು ಒದ್ದೆ ಲೂರ್ ಇಡೀ ಪೆಟ್ಟಿಗೆಯನ್ನು ಕೆಡಿಸುತ್ತದೆ. ಲೇಪನವಿಲ್ಲದ ಹಿತ್ತಾಳೆ, ತಾಮ್ರಗಳು ಕಪ್ಪಾದರೆ ದೇವರ ದೀಪ ಉಜ್ಜುವ ಹಾಗೆ ಹುಣಸೆಹಣ್ಣಿನಿಂದ ಉಜ್ಜಿದರೆ ಸಾಕು, ಅದರಲ್ಲಿರುವ ಹುಳಿ ಆ ಕಪ್ಪನ್ನು ಕರಗಿಸುತ್ತದೆ. ಆಮೇಲೆ ಹುಳಿ ಉಳಿಯದಂತೆ ಚೆನ್ನಾಗಿ ತೊಳೆಯಬೇಕು. ಬೆಳ್ಳಿ ಲೇಪನ ಅಥವಾ ಬಣ್ಣ ಇರುವ ಲೂರ್‌ಗಳಿಗೆ ಇದನ್ನು ಮಾಡಬೇಡಿ.

ಸ್ವರ್ಣಾತೀರ, ಉಡುಪಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಲೂರ್ ತಳ ಮುಟ್ಟುವವರೆಗೆ ಎಣಿಸುವುದನ್ನು ಈ ವಾರವೇ ಅಭ್ಯಾಸ ಮಾಡುತ್ತೇನೆ. ಇನ್ನೂ ಎರಡು ಸಂದೇಹಗಳಿವೆ. ಮೂರು ಮುಳ್ಳಿನ ಗಾಳ ಕಾಂಡ್ಲಾ ಬೇರುಗಳಿಗೂ ಕಲ್ಲುಗಳಿಗೂ ಪದೇ ಪದೇ ಸಿಕ್ಕಿಕೊಳ್ಳುತ್ತದೆ, ಅದನ್ನು ತೆಗೆದು ಒಂಟಿ ಗಾಳ ಹಾಕಿದರೆ ಲೂರಿನ ಆಟ ಕೆಡುವುದೇ? ಮೇಲಿನ ಸಿಹಿನೀರಿನ ಭಾಗದ ಬಗ್ಗೆಯೂ ಯಾರಾದರೂ ಬರೆದರೆ ಉಪಕಾರವಾಗುತ್ತದೆ.

ಘಟ್ಟದ ಬುಡ, ಬೆಳ್ತಂಗಡಿ

ಒಂಟಿ ಗಾಳವನ್ನು ನಾನು ಮನಃಪೂರ್ವಕವಾಗಿ ಬೆಂಬಲಿಸುತ್ತೇನೆ. ಮೂರು ಮುಳ್ಳಿನ ಗಾಳದ ತೂಕಕ್ಕೆ ಸರಿಸುಮಾರು ಹೊಂದುವ, ಸ್ವಲ್ಪ ದೊಡ್ಡದಾದ, ಬಾಯಿ ಅಗಲವಿರುವ ಒಂಟಿ ಗಾಳವನ್ನು ಹಾಕಿದರೆ ಸ್ಪೂನಿನ ಆಟ ಕೆಡುವುದಿಲ್ಲ. ತೀರ ಹಗುರವಾದುದನ್ನು ಹಾಕಿದರೆ ಮಾತ್ರ ಅದು ಬಾಲ ಎತ್ತಿ ಸುತ್ತತೊಡಗುತ್ತದೆ. ಗಾಳದ ಮೊನೆ ಸ್ಪೂನಿನ ಒಳಬಾಗಿದ ಬದಿಗೆ ಮೇಲ್ಮುಖವಾಗಿರಲಿ. ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಮೀನನ್ನು ಬಿಡಿಸುವುದು ಸುಲಭ, ನಿಮ್ಮ ಕೈಗೆ ಚುಚ್ಚಿದರೂ ಸಲೀಸಾಗಿ ಹೊರಬರುತ್ತದೆ. ದಾರವನ್ನು ಬಿಗಿಯಾಗಿ ಹಿಡಿದರೆ ಹಿಮ್ಮುಳ್ಳಿಲ್ಲದ ಗಾಳದಿಂದ ಮೀನು ತಪ್ಪಿಸಿಕೊಳ್ಳುವುದು ಅಪರೂಪ. ಜೊಂಡು, ಬೇರುಗಳಿರುವ ಜಾಗಕ್ಕೆ ಮೊನೆಯ ಮುಂದೆ ತಂತಿಯ ಕಾವಲಿರುವ ಸ್ಪೂನ್‌ಗಳೇ ಸಿಗುತ್ತವೆ. ಕೊರವ ಮೀನು ಇರುವ ನಿಂತ ನೀರಿಗೆ ಅಂತಹುದನ್ನೇ ಬಳಸಿ, ಅಲ್ಲಿ ಸ್ಪಿನ್ನರಿನ ಎಲೆಗೆ ಪಾಚಿ ಸುತ್ತಿಕೊಂಡು ಅದು ತಿರುಗದೆ ನಿಲ್ಲುತ್ತದೆ.

ಸಿಹಿನೀರಿನ ಮೇಲ್ಭಾಗಕ್ಕೆ ತೂಕವನ್ನು ಇಳಿಸಿ, 5ರಿಂದ 10 ಗ್ರಾಂ ಸಾಕು. ಬಂಡೆಯ ಹಿಂದೆ ನೀರು ತಿರುಗಿ ನಿಲ್ಲುವ ಜಾಗ, ಬಿರುಸಾದ ಹರಿವು ಮಡುವಿಗೆ ಇಳಿಯುವ ಅಂಚು, ದಡದ ಮರ ನೆರಳು ಚಾಚಿದ ಕಡೆ, ಇವುಗಳನ್ನು ದೂರದಿಂದಲೇ ನೋಡಿ ಗುರುತಿಸಿ, ಮೀನಿನ ಹಿಂದಿನಿಂದ ಮೇಲ್ಮುಖವಾಗಿ ಎಸೆಯಬೇಕು. ಮೀನು ಹರಿವಿಗೆ ಮುಖಮಾಡಿ ನಿಲ್ಲುವುದರಿಂದ ಕೆಳಗಿನಿಂದ ಹೋದವರನ್ನು ಅದು ಬೇಗ ಕಾಣುವುದಿಲ್ಲ. ಇಲ್ಲಿ ವಿಲೋ ಎಲೆಯ ಸಣ್ಣ ಸ್ಪಿನ್ನರ್ ನನಗೆ ಸ್ಪೂನಿಗಿಂತ ಹೆಚ್ಚು ಇಷ್ಟ. ಮಾರ್ಚ್, ಏಪ್ರಿಲ್‌ನಲ್ಲಿ ಕಿಂಡಿ ಅಣೆಕಟ್ಟಿನ ಹಿಂದೆ ನಿಂತ ನೀರಿನಲ್ಲಿ ಬೆಳಗಿನ ಮೊದಲ ಗಂಟೆಯನ್ನು ಬಿಟ್ಟರೆ ಹೆಚ್ಚಿನ ನಿರೀಕ್ಷೆ ಬೇಡ.

ಆದರೆ ಎಲ್ಲಿ ಎಸೆಯಬಾರದು ಎಂಬುದನ್ನೂ ಇಲ್ಲಿಯೇ ಸ್ಪಷ್ಟವಾಗಿ ಬರೆಯುವುದು ಅಗತ್ಯ. ನಮ್ಮ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ಮತ್ಸ್ಯತೀರ್ಥದ ಮಹಶೀರ್ ಮೀನುಗಳನ್ನು ಜನರು ದೇವರ ಮೀನುಗಳೆಂದು ಸಾಕಿ ಉಳಿಸಿಕೊಂಡು ಬಂದಿದ್ದಾರೆ. ಅಲ್ಲಿ ಗಾಳ ಹಾಕುವಂತಿಲ್ಲ. ಸೀತಾ ನದಿ ಸೋಮೇಶ್ವರ ವನ್ಯಜೀವಿ ಅಭಯಾರಣ್ಯದ ಒಳಗೆ ಹರಿಯುವ ಭಾಗಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಕೆಲವು ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುವುದರಿಂದ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ಹೋಗಬೇಕು. ಈ ಎಚ್ಚರ ನಮ್ಮ ಜಿಲ್ಲೆಗೆ ಹೊಸದಲ್ಲ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಗಾಳದ ಮೀನುಗಾರಿಕೆಯ ಕುರಿತ ತಮ್ಮ ಪುಸ್ತಕವನ್ನು 1873ರಲ್ಲಿ ಮಂಗಳೂರಿನಲ್ಲಿಯೇ ಪ್ರಕಟಿಸಿದ್ದರು, ಈ ಜಿಲ್ಲೆಯ ಮೀನು ಸಂವರ್ಧನೆಯ ಕುರಿತು ಸರ್ಕಾರಕ್ಕೆ ವರದಿಯನ್ನೂ ಬರೆದಿದ್ದರು. ಮೊದಲ ಮಳೆಗೆ ಮೊಟ್ಟೆಯಿಡಲು ತೋಡು, ಗದ್ದೆಗಳಿಗೆ ಹತ್ತುವ ಮೀನುಗಳಿಗೆ ಲೂರ್ ಎಸೆಯುವುದನ್ನು ನಾನಂತೂ ಒಪ್ಪುವುದಿಲ್ಲ. ಮೊಟ್ಟೆ ತುಂಬಿದ ಒಂದು ಮೀನನ್ನು ತೆಗೆದರೆ ಮುಂದಿನ ವರ್ಷದ ಹೊಳೆಯನ್ನೇ ಖಾಲಿ ಮಾಡಿದಂತೆ.

ನೇತ್ರಾವತಿ ಗಾಳ, ಮಂಗಳೂರು

ಮೂಲ್ಕಿಯವರು ಬಣ್ಣದ ಬಗ್ಗೆ ಹೇಳಿದ್ದು ತಿಳಿನೀರಿನ ಮಟ್ಟಿಗೆ ಸರಿಯಾಗಿದೆ. ಆದರೂ ಒಂದೇ ಬಣ್ಣದ ಮೂರು ತೂಕಗಳನ್ನು ಕೊಳ್ಳುವುದೋ, ಒಂದೇ ತೂಕದ ಮೂರು ಬಣ್ಣಗಳನ್ನು ಕೊಳ್ಳುವುದೋ ಎಂದು ಕೇಳಿದರೆ, ಹೊಸದಾಗಿ ಆರಂಭಿಸುವವರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ.

ಸ್ವರ್ಣಾತೀರದವರಿಗೆ ಲೀಡರ್, ಅಂದರೆ ಮುಖ್ಯ ದಾರದ ತುದಿಗೆ ಕಟ್ಟುವ ದಪ್ಪ ದಾರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸೀಬಾಸ್ ಮೀನಿನ ಕಿವಿರಿನ ಮುಚ್ಚಳದ ಅಂಚು ಚೂರಿಯಷ್ಟು ಹರಿತ, ಸೇತುವೆ ಕಂಬಗಳಿಗೆ ಅಂಟಿದ ಚಿಪ್ಪುಗಳೂ ಹಾಗೆಯೇ. ಆದ್ದರಿಂದ ಮುಖ್ಯ ದಾರ ಬ್ರೇಡ್ (ಎಳೆಗಳನ್ನು ಹೆಣೆದ ದಾರ) ಆಗಿದ್ದರೆ, ಅದರ ತುದಿಗೆ 30ರಿಂದ 40 ಪೌಂಡ್ ತಾಳುವ ದಪ್ಪ ನೈಲಾನ್ ದಾರವನ್ನು ಎರಡು ಮೂರು ಅಡಿಯಷ್ಟು ಕಟ್ಟಿ, ಪ್ರತಿ ಮೀನಿನ ನಂತರ ಅದನ್ನು ಬೆರಳುಗಳ ನಡುವೆ ಎಳೆದು ನೋಡಿ. ಒರಟು ತಾಗಿದರೆ ಆ ಭಾಗವನ್ನು ಕತ್ತರಿಸಿ ಹೊಸದಾಗಿ ಗಂಟು ಹಾಕಿ. ಕೆಂಬೇರಿ ಕಚ್ಚಿದ ಕೂಡಲೇ ಬೇರುಗಳ ಒಳಗೆ ನುಗ್ಗಲು ನೋಡುತ್ತದೆ, ಅಲ್ಲಿ ರೀಲಿನ ಡ್ರ್ಯಾಗನ್ನು (ಮೀನು ಎಳೆದಾಗ ದಾರ ಹೊರಹೋಗುವುದನ್ನು ತಡೆಯುವ ಬಿಗಿತವನ್ನು) ಮೊದಲೇ ಬಿಗಿ ಮಾಡಿಕೊಂಡಿರಬೇಕು.

ಸೀಬಾಸ್‌ನಲ್ಲಿ ಹೆಚ್ಚಿನವು ಮೊದಲು ಗಂಡಾಗಿ ಬೆಳೆದು, ಗಾತ್ರ ದೊಡ್ಡದಾದ ಮೇಲೆ ಹೆಣ್ಣಾಗಿ ಮಾರ್ಪಡುತ್ತವೆ. ಆದ್ದರಿಂದ ಮನೆಗೆ ಒಯ್ಯುವುದಿದ್ದರೆ ಮಧ್ಯಮ ಗಾತ್ರದ್ದನ್ನು ಒಯ್ಯಿರಿ, ತೀರ ದೊಡ್ಡದನ್ನು ನೀರಿನಲ್ಲಿಯೇ ಇಕ್ಕಳದಿಂದ ಬಿಡಿಸಿ, ಹರಿವಿಗೆ ಮುಖಮಾಡಿ ಹಿಡಿದು, ಅದು ತಾನಾಗಿ ಬಾಲ ಬೀಸಿದಾಗ ಬಿಟ್ಟುಬಿಡಿ.